ಟೊಪ್ಪಿಗೆಯ ಬಣ್ಣ ನೋಡುತ್ತಿದ್ದ ರಾಯರು

ರಾಯರು ತೀರಿಕೊಂಡ ಸುದ್ದಿ ಬಂದಾಗ ನಾನು ಸ್ಟೂಲಿನ ಮೇಲೆ ನಿಂತು ಗೋಡೆ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದೆ. ಕೀಲಿ ಪೂರ್ತಿ ಕೊಟ್ಟು, ಗಾಜಿನ ಬಾಗಿಲು ಮುಚ್ಚಿ, ಸ್ಟೂಲನ್ನು ಅದರ ಜಾಗಕ್ಕೆ ಸರಿಸಿ, ಆಮೇಲೆ ಕುಳಿತೆ. ಅರ್ಧ ಕೀಲಿಯಲ್ಲಿ ಕೆಳಗಿಳಿದಿದ್ದರೆ ಅದು ಅವರಿಗೇ ಹಿಡಿಸುತ್ತಿರಲಿಲ್ಲ. ಮಾಡುತ್ತಿರುವ ಕೆಲಸ ಮುಗಿಸಿ ದುಃಖಪಡಬೇಕು ಎಂದು ನನಗೆ ಕಲಿಸಿದವರು ಅವರೇ.

ಮೊದಲ ಮಹಾಯುದ್ಧ ಮುಗಿದ ಮೇಲೆ ನಾನು ಪುಣೆ ಹತ್ತಿರದ ಖಡಕಿಯ ಒಂದು ಮಿಲಿಟರಿ ಉಗ್ರಾಣದಲ್ಲಿ ಕಾರಕೂನನಾಗಿ ಸೇರಿದೆ. ರಾಯರು ಅಲ್ಲಿ ಬಣ್ಣದ ತಪಾಸಣೆಗೆ ಮುಖ್ಯಸ್ಥರು. ಪೆಟ್ಟಿಗೆ, ಗಾಡಿ, ಡೇರೆಯ ಕಂಬ, ಯಾವುದಕ್ಕೆ ಬಣ್ಣ ಹೊಡೆದರೂ ಅವರು ನೋಡಿ ಹೂಂ ಅಂದ ಮೇಲೆಯೇ ಅದು ಹೊರಗೆ ಹೋಗಬೇಕು. ಧಾರವಾಡದವರು. ಕಚ್ಚೆ ಧೋತರ, ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು, ಕೋಟಿನ ಎಡ ಜೇಬಿನಲ್ಲಿ ಹಿತ್ತಾಳೆ ಚೌಕಟ್ಟಿನ ಭೂತಗನ್ನಡಿ. ಖಡಕಿ ಬಜಾರಿನ ಒಂದು ವಾಡೆಯಲ್ಲಿ ಅವರು ಮಾಳಿಗೆಯ ಮೇಲೆ, ನಾನು ಕೆಳಗೆ ಬಾಡಿಗೆಗೆ ಇದ್ದೆವು. ನಾನು ಬಂದ ಹೊಸದರಲ್ಲಿ ಮನೆಯ ಮಾಲೀಕ ನನ್ನ ಖೋಲಿಗೆ ಬಣ್ಣ ಹೊಡೆಸಿ, ಎರಡು ಕೈ ಹೊಡೆಸಿದ್ದೇನೆ ಎಂದು ಹೇಳಿ ಹೋದ. ರಾಯರು ಬಂದು ಗೋಡೆಗೆ ಉಗುರು ತಾಗಿಸಿ ನೋಡಿದರು.

"ಒಂದs ಕೈ. ಅದೂ ಅರ್ಧ ಮನಸ್ಸಿನಿಂದ ಹೊಡದಾನ," ಅಂದರು. ನನ್ನ ಅವರ ಪರಿಚಯ ಹೀಗೆ ಆಯಿತು.

ವಿನಯ ಅವರ ಬಳಿ ಸುಳಿಯುತ್ತಿರಲಿಲ್ಲ. "ಪುಣೇದಾಗ ಬಣ್ಣ ನೋಡಾಂವ ಒಬ್ಬನs ಅದಾನ ತಮ್ಮಾ. ಅವ ನಿನ್ನ ಮುಂದ ಚಹಾ ಕುಡೀಲಿಕತ್ತಾನ," ಎಂದು ಬಶಿಯಿಂದ ಚಹಾ ಹೀರುತ್ತ ಹೇಳುತ್ತಿದ್ದರು. ಹೇಳಿದ್ದು ನಿಜವಾಗಿದ್ದರಿಂದ ಕೇಳುವವರಿಗೆ ಇನ್ನಷ್ಟು ಕಷ್ಟವಾಗುತ್ತಿತ್ತು.

ಅವರ ಹೆಸರು ಉಗ್ರಾಣದ ಗೋಡೆ ದಾಟಿದ್ದು ಕಬ್ಬಿಣದ ಟೊಪ್ಪಿಗೆಗಳಿಂದ. ಯುದ್ಧ ಮುಗಿದ ಮೇಲೆ ಸೈನಿಕರ ಹಳೆಯ ಟೊಪ್ಪಿಗೆಗಳು ರಾಶಿಗಟ್ಟಲೆ ಹರಾಜಾಗಿ ಜೂನಾ ಬಜಾರಿಗೆ ಬಂದು ಬಿದ್ದವು. ಹಳೆ ಸಾಮಾನಿನವರಿಗೆ ಅವನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಕೆಲವರು ಇದ್ದಿಲು ತುಂಬಿ ಶೇಗಡಿ ಒಲೆ ಮಾಡಿದರು, ಕೆಲವರು ಕೋಳಿಗಳಿಗೆ ನೀರಿಟ್ಟರು. ಅಷ್ಟರಲ್ಲಿ, ಗೋರಾ ಸಾಹೇಬರು ಗೋಡೆಗೆ ತೂಗುಹಾಕಲು ಇವನ್ನು ಕೊಳ್ಳುತ್ತಾರೆ, ಬೋಳು ಟೊಪ್ಪಿಗೆಗಿಂತ ಪಲ್ಟಣಿನ ಗುರುತು ಬರೆದ ಟೊಪ್ಪಿಗೆಗೆ ಹೆಚ್ಚು ಕೊಡುತ್ತಾರೆ ಎಂಬ ಸುದ್ದಿ ಹಬ್ಬಿತು. ಮುಂದಿನ ವಾರದಿಂದ ಬಜಾರಿನಲ್ಲಿ ಒಂದು ಟೊಪ್ಪಿಗೆಯೂ ಬೋಳಾಗಿ ಉಳಿಯಲಿಲ್ಲ.

ಒಬ್ಬ ಕ್ಯಾಪ್ಟನ್ ಸಾಹೇಬ ಅಂಥದೊಂದನ್ನು ಕೊಂಡು, ಹುಲಿ ಹೊಡೆದು ಬಂದವನ ಹಾಗೆ ಉಗ್ರಾಣಕ್ಕೆ ತಂದ. ಸುತ್ತ ಹಳದಿ ಪಟ್ಟಿ, ನಡುವೆ ಕಹಳೆಯ ಚಿತ್ರ. ರಾಯರು ಅದನ್ನು ಮೂಗಿನ ಹತ್ತಿರ ಹಿಡಿದು, ಇಂಗ್ಲಿಷಿನಲ್ಲಿ ಒಂದೇ ಮಾತು ಹೇಳಿದರು: ಇನ್ನೂ ಹಸಿ ಇದೆ. ಸಾಹೇಬ ಬೆರಳಿನಿಂದ ಒತ್ತಿ ನೋಡಿದ, ಒಣಗಿದೆಯಲ್ಲ ಅಂದ. ಬೆರಳಿಗೆ ಒಣಗಿದೆ, ನನಗೆ ಒಣಗಿಲ್ಲ ಎಂದರು ರಾಯರು. ಅವರ ಲೆಕ್ಕದಲ್ಲಿ ಬಣ್ಣವೊಂದು ಕಬ್ಬಿಣಕ್ಕೆ ಒಗ್ಗಿಕೊಳ್ಳಲು ಹತ್ತು ವರ್ಷವಾದರೂ ಬೇಕು. ಅಲ್ಲಿಯವರೆಗೆ ಅದು ಹಸಿ. ಆ ದಿನದಿಂದ ಖೋಟಾ ಟೊಪ್ಪಿಗೆಗೆಲ್ಲ ಅವರ ತೀರ್ಪು ಇದೊಂದೇ ಆಯಿತು: "ಹಸಿ ಅದ."

ನೋಡುವುದಕ್ಕೂ ಅವರದೊಂದು ಕ್ರಮವಿತ್ತು. ಮೊದಲು ಕೈ ತೊಳೆಯಬೇಕು. ಟೊಪ್ಪಿಗೆಯನ್ನು ಕಿಟಕಿಯ ಬೆಳಕಿನಲ್ಲಿಟ್ಟು ಮುಟ್ಟದೆ ಸ್ವಲ್ಪ ಹೊತ್ತು ನೋಡಬೇಕು. ಆಮೇಲೆ ಅಂಚು. "ಸಿಪಾಯಿ ಟೊಪಗಿ ಎತ್ತೂದು ಅಂಚು ಹಿಡದು. ಅಲ್ಲಿ ಬಣ್ಣ ಸವದಿರಬೇಕು. ಬಜಾರದವ ಉಸುಕಿನ ಕಾಗದ ಹಚ್ಚಿ ಎಲ್ಲಾ ಕಡೆ ಒಂದs ಸಮ ಸವಸ್ತಾನ. ಎಲ್ಲಾ ಕಡೆ ಒಂದs ಸಮ ಮುದುಕ ಆಗೂದು ಯಾರಿಗೂ ಸಾಧ್ಯ ಇಲ್ಲ." ಆಮೇಲೆ ಗೀರು. ಗೀರು ಬಣ್ಣವನ್ನು ಕೊರೆದುಕೊಂಡು ಹೋಗಿರಬೇಕು. ಗೀರಿನ ಒಳಗೇ ಬಣ್ಣ ಇಳಿದಿದ್ದರೆ ಮೊದಲು ಗೀರು ಬಿದ್ದಿದೆ, ಆಮೇಲೆ ಬಣ್ಣ ಬಂದಿದೆ. ಕೊನೆಗೆ ಚಿತ್ರದ ಅಂದ. ಗುರುತು ತೀರ ಅಚ್ಚುಕಟ್ಟಾಗಿದ್ದರೆ ಅವರಿಗೆ ಅನುಮಾನ. "ಗುಂಡು ಹಾರಾಡೂವಾಗ ಪಟ್ಟಿ ಹಿಡಕೊಂಡು ಗೆರಿ ಎಳೀಲಿಕ್ಕೆ ಯಾರಿಗೆ ಪುರಸೊತ್ತಿತ್ತು?"

ಇನ್ನೊಂದು ನಿಯಮ ಎಲ್ಲಕ್ಕಿಂತ ಮುಖ್ಯ. ಊಟವಾದ ಮೇಲೆ ಟೊಪ್ಪಿಗೆ ನೋಡುತ್ತಿರಲಿಲ್ಲ. "ಹೊಟ್ಟಿ ತುಂಬಿದ ಮ್ಯಾಲ ಎಲ್ಲಾ ಖರೇ ಅನಸ್ತದ," ಅನ್ನುತ್ತಿದ್ದರು.

ಜೂನಾ ಬಜಾರಿನಲ್ಲಿ ಅವರ ತಲೆಯ ಮೇಲಿನ ಕರಿ ಬಟ್ಟೆ ಟೊಪ್ಪಿಗೆ ದೂರದಿಂದ ಕಂಡರೆ ಸಾಕು, ವ್ಯಾಪಾರಿಗಳು ತಮ್ಮ ಸರಕಿನ ಮೇಲೆ ಗೋಣಿತಾಟು ಎಳೆಯುತ್ತಿದ್ದರು. ಒಬ್ಬನಂತೂ ಅಂಗಡಿ ಹರಡಿಕೊಂಡು ಕೂತೇ, "ರಾವಸಾಹೇಬ, ಆಜ್ ದುಕಾನ್ ಬಂದ್ ಆಹೇ," ಇವತ್ತು ಅಂಗಡಿ ಮುಚ್ಚಿದೆ ಎಂದು ಕೈ ಮುಗಿದ. ಹೊಸ ಬಣ್ಣಕ್ಕೆ ವಯಸ್ಸು ತರಲು ಇವರು ಪಡುತ್ತಿದ್ದ ಪಾಡೂ ಕಡಿಮೆಯದಲ್ಲ. ಚಹಾದ ಗಸಿ ಬಳಿಯುವುದು, ಕುಳ್ಳಿನ ಹೊಗೆ ಹಾಕುವುದು, ಗೊಬ್ಬರದಲ್ಲಿ ಹೂಳುವುದು. ಅಂಥದೊಂದನ್ನು ರಾಯರು ಮೂಸಿ ನೋಡಿ ನನ್ನ ಕಡೆ ಚಾಚಿದರು. "ಇದು ಲಡಾಯಿಗೆ ಹೋಗಿಲ್ಲ ತಮ್ಮಾ. ಎಮ್ಮಿ ಕೊಟ್ಟಿಗಿಗೆ ಹೋಗಿ ಬಂದದ."

ಅವರು ತಪ್ಪಿದ್ದೂ ಉಂಟು. ಅಕ್ಷರ ಸೊಟ್ಟಗಿದೆ, ಅಂಕಿ ತಲೆಕೆಳಗಾಗಿದೆ ಎಂದು ಒಂದು ಟೊಪ್ಪಿಗೆಯನ್ನು ಖೋಟಾ ಅಂದರು. ಎದುರಿಗಿದ್ದ ಮುದಿ ಗೋರಾ ಸಾರ್ಜೆಂಟು ನಗುತ್ತ, ಅದನ್ನು ಬರೆದವನು ನಾನೇ, ಆ ದಿನ ಚೆನ್ನಾಗಿ ಕುಡಿದಿದ್ದೆ ಅಂದ. ರಾಯರು ಎದ್ದು ನಿಂತು, ಕೋಟಿನ ಗುಂಡಿ ಸರಿಪಡಿಸಿಕೊಂಡು ಅವನಿಗೆ ಸಲಾಮು ಮಾಡಿದರು. ಹೊರಗೆ ಬಂದ ಮೇಲೆ ನನಗೆ ಹೇಳಿದರು: "ಕುಡದವರ ಕೈಬರಹ ನನ್ನ ಅಭ್ಯಾಸದಾಗ ಇಲ್ಲ. ನಮ್ಮ ಮನಿತನದಾಗ ಅಂಥಾ ಅನುಕೂಲ ಇರಲಿಲ್ಲ."

ಈ ಕಣ್ಣನ್ನು ಉಗ್ರಾಣದಲ್ಲಿ ಬಿಟ್ಟು ಬರಲು ಅವರಿಗೆ ಆಗುತ್ತಿರಲಿಲ್ಲ. ಅವರಿಗೆ ಒಬ್ಬಳೇ ಮಗಳು. ಓದಿದವಳು, ಚುರುಕು, ಮಾತಿನಲ್ಲಿ ಅಪ್ಪನ ಮಗಳು. ಅವಳಿಗೆ ಬಂದ ಮೊದಲ ಸಂಬಂಧ ಒಂದು ಸೈಕಲ್ಲಿನಿಂದ ಮುರಿಯಿತು. ವರನ ತಂದೆ ಮಗನಿಗೆ ಹೊಸ ಕರಿ ಸೈಕಲ್ ಕೊಡಿಸಿದ್ದೇನೆ ಎಂದು ಅಂಗಳದಲ್ಲಿ ತೋರಿಸಿದರು. ರಾಯರು ಬಗ್ಗಿ ಪೆಡಲಿನ ಹತ್ತಿರ ಉಗುರು ತಾಗಿಸಿ, "ಒಳಗ ಹಸಿರು ಅದಲ್ರೀ," ಅಂದರು. ಆ ಮನೆಯಿಂದ ಮತ್ತೆ ಮಾತು ಬರಲಿಲ್ಲ. ಸುದ್ದಿ ಮಾತ್ರ ನಮ್ಮ ಕಡೆಯ ಮನೆಗಳಲ್ಲೆಲ್ಲ ಹರಡಿತು. ಆಮೇಲೆ ಯಾರೂ ಆ ಹುಡುಗಿಯನ್ನು ಕೇಳಿಕೊಂಡು ಬರಲಿಲ್ಲ. ಅವಳ ಓರಗೆಯವರೆಲ್ಲ ಮಕ್ಕಳನ್ನು ಎತ್ತಿಕೊಂಡು ತವರಿಗೆ ಬಂದು ಹೋಗುತ್ತಿದ್ದರು. ರಾಯರ ಹೆಂಡತಿ, ನಾನು ವೈನಿ ಎಂದು ಕರೆಯುತ್ತಿದ್ದವರು, ಬಾವಿಗೆ ಹೋಗುವುದನ್ನೇ ಬಿಟ್ಟಿದ್ದರು. ಅಲ್ಲಿ ಹೆಂಗಸರು ಕೇಳುತ್ತಿದ್ದರು.

ಅಂಥ ಹೊತ್ತಿನಲ್ಲಿ ಪುಣೆ ಕ್ಯಾಂಪಿನ ಒಬ್ಬ ಡಾಕ್ಟರರ ಮಗನ ಮಾತು ಬಂತು. ಬೆಳಗಾವಿ ಕಡೆಯ ಮನೆತನ, ಹುಡುಗ ರೈಲ್ವೆಯಲ್ಲಿ. ಅವರೆಲ್ಲ ಬಂದು ಹುಡುಗಿಯನ್ನು ನೋಡಿ ಒಪ್ಪಿ ಹೋದರು. ಹುಡುಗಿಯೂ "ಆಗಲಿ" ಅಂದಳು. ಆ ಒಂದು ಮಾತನ್ನು ಅವಳು ಅಷ್ಟು ಬೇಗ ಹೇಳಿದ್ದನ್ನು ನೋಡಿ ವೈನಿ ದೇವರಿಗೆ ದೀಪ ಹಚ್ಚಿದರು. ಇನ್ನು ನಾವು ಹೋಗಿ ಅವರ ಮನೆ ನೋಡಿ ಬಂದರೆ ಆಯಿತು. ಅಷ್ಟರಲ್ಲಿ ತಿಳಿದ ಸಂಗತಿ: ಡಾಕ್ಟರರು ಯುದ್ಧದಲ್ಲಿ ಫ್ರಾನ್ಸಿಗೆ ಹೋಗಿ ಗಾಯಾಳುಗಳನ್ನು ನೋಡಿಕೊಂಡವರು. ಅಲ್ಲಿ ತೊಟ್ಟಿದ್ದ ಕಬ್ಬಿಣದ ಟೊಪ್ಪಿಗೆ ಅವರ ದಿವಾಣಖಾನೆಯಲ್ಲಿದೆ. ಅದರ ಮೇಲೆ ಗುರುತಿದೆ.

ಹೊರಡುವ ದಿನ ವೈನಿ ಗಂಡನ ಕೋಟಿನ ಎಡ ಜೇಬಿಗೆ ಕೈ ಹಾಕಿ ಭೂತಗನ್ನಡಿ ತೆಗೆದು ಉಪ್ಪಿನಕಾಯಿ ಭರಣಿಯ ಹಿಂದೆ ಇಟ್ಟರು.

"ಹುಡುಗನ್ನ ನೋಡ್ರಿ. ಮನಿ ನೋಡ್ರಿ. ನಳ, ಮೋರಿ, ಏನ ಬೇಕಾದ್ದು ನೋಡ್ರಿ. ಟೊಪಗಿ ನೋಡಬ್ಯಾಡ್ರಿ."

"ತೋರಿಸಿದ್ರ ಕಣ್ಣು ಮುಚ್ಚಿಕೊಳ್ಳಲೇನು?"

"ಮುಚ್ಚಿಕೋರಿ. ನನ್ನ ನೋಡೂವಾಗ ಹೆಂಗ ಮುಚ್ಚತೀರಿ, ಹಂಗ."

ಮಗಳು ಬಾಗಿಲಲ್ಲಿ ನಿಂತು, "ಅಪ್ಪಾ, ಆ ಟೊಪಗಿ ಹಾಕ್ಕೊಂಡು ನಾ ಅಕ್ಷತಿಗೆ ನಿಲ್ಲೂದಿಲ್ಲ. ಅದು ಹೆಂಗ ಇದ್ರೂ ನಡೀತದ," ಅಂದಳು.

ವೈನಿ ನನ್ನನ್ನು ಪಕ್ಕಕ್ಕೆ ಕರೆದರು. "ನೀವು ಅವರ ಬಾಜೂಕs ಕೂಡ್ರಿ. ಹೋದ ಕೂಡಲೇ ಹೊಟ್ಟಿ ತುಂಬ ತಿನಸ್ರಿ. ಆಮ್ಯಾಲ ಅವರು ಏನೂ ನೋಡೂದಿಲ್ಲ." ಇಷ್ಟು ಒಳ್ಳೆಯ ಉಪಾಯ ನನ್ನ ಕೈಯಲ್ಲಿ ಕೆಟ್ಟುಹೋಯಿತು. ನಾವು ಟಾಂಗಾದಿಂದ ಇಳಿದು ಕೂತೆವು, ಒಳಗೆ ಉಪ್ಪಿಟ್ಟಿನ ಒಗ್ಗರಣೆಯ ಸದ್ದು ಕೇಳಿತು, ಆ ಉಪ್ಪಿಟ್ಟು ಹೊರಗೆ ಬರುವ ಮೊದಲೇ ಟೊಪ್ಪಿಗೆ ಹೊರಗೆ ಬಂತು.

ಡಾಕ್ಟರರು ಅದನ್ನು ಎರಡೂ ಕೈಯಲ್ಲಿ, ಸಾಲಿಗ್ರಾಮದ ಪೆಟ್ಟಿಗೆ ತರುವಂತೆ ತಂದು ರಾಯರ ಮುಂದಿಟ್ಟರು. ಬಿಳಿಯ ವೃತ್ತದೊಳಗೆ ಕೆಂಪು ಕ್ರಾಸು, ಆಸ್ಪತ್ರೆಯವರ ಗುರುತು. "ನಿಮ್ಮ ಕೀರ್ತಿ ಕೇಳೇವ್ರಿ," ಅಂದರು. "ಬಜಾರದ್ದಲ್ಲ ಇದು. ನಾನs ಹಾಕ್ಕೊಂಡದ್ದು. ನೋಡಿ ಒಂದು ಮಾತು ಹೇಳ್ರಿ."

"ಇವತ್ತು ಭೂತಗನ್ನಡಿ ತಂದಿಲ್ಲರಿ," ಅಂದರು ರಾಯರು. ಅವರು ಇಷ್ಟು ಬಿಟ್ಟುಕೊಟ್ಟದ್ದನ್ನು ನಾನು ಹಿಂದೆಂದೂ ನೋಡಿರಲಿಲ್ಲ.

"ಅದಕ್ಕೇನ್ರಿ, ನನ್ನದು ಅದಲ್ಲ," ಎಂದು ಡಾಕ್ಟರರು ಮೇಜಿನ ಖಾನೆಯಿಂದ ತಮ್ಮದನ್ನೇ ತೆಗೆದುಕೊಟ್ಟರು. ರಾಯರದಕ್ಕಿಂತ ದೊಡ್ಡದು.

ಇನ್ನು ತಡೆಯುವಂತಿರಲಿಲ್ಲ. ರಾಯರು ಕೈ ತೊಳೆಯಲು ನೀರು ಕೇಳಿದರು. ಅಂಚು ನೋಡಿದರು, ಮುಖ ಅರಳಿತು. ಗೀರು ನೋಡಿದರು, ತಲೆದೂಗಿದರು. ಕೆಂಪು ಕ್ರಾಸಿನ ಮೇಲೆ ಗಾಜು ಹಿಡಿದು ಕಿಟಕಿಯ ಕಡೆ ತಿರುಗಿಸಿದರು, ಮತ್ತೊಮ್ಮೆ ತಿರುಗಿಸಿದರು. ನಾನು ಅವರ ಕಾಲು ತುಳಿದೆ. ಅವರು ಕಾಲು ಹಿಂದೆಗೆದುಕೊಂಡರು. ಅಷ್ಟರಲ್ಲಿ ಡಾಕ್ಟರರ ಹೆಂಡತಿ ಉಪ್ಪಿಟ್ಟಿನ ತಾಟು ಹಿಡಿದು ಒಳಬಾಗಿಲಲ್ಲಿ ಬಂದು ನಿಂತರು. ಅವರು ನೋಡುತ್ತಿದ್ದದ್ದು ನಮ್ಮನ್ನಲ್ಲ, ಆ ಗಾಜನ್ನು.

"ಟೊಪಗಿ ಖರೇ ಅದ ಡಾಕ್ಟರ," ಅಂದರು ರಾಯರು. "ಬಿಳಿ ಬಣ್ಣನೂ ಅಂಚಿನಾಗ ಹಳೇದs. ಕೆಂಪು ಹಸಿ ಅದ."

"ಏನಂದ್ರಿ?"

"ಅಭ್ರಕ ಹೊಳೀಲಿಕತ್ತದ ಇದರಾಗ. ಗಣಪತಿ ಶಲ್ಯಕ್ಕ ಹಚ್ಚೂ ಕೆಂಪು ಇದು. ಫ್ರಾನ್ಸಿನಾಗ ಗಣಪತಿ ಮಾಡ್ತಿರಲಿಲ್ಲ ಅನಸ್ತದ."

ಡಾಕ್ಟರರ ಮುಖ ಕಪ್ಪಿಟ್ಟಿತು. "ಅಂದ್ರ ನಾ ಸುಳ್ಳು ಹೇಳ್ಲಿಕತ್ತೇನಿ?"

"ನೀವು ಖರೇ ಇರಬಹುದು. ನಾ ಹೇಳಿದ್ದು ಬಣ್ಣದ ಮಾತು."

ಡಾಕ್ಟರರು ಎದ್ದು ಬಾಗಿಲ ಕಡೆ ಹೋಗಿ, "ಯಾರರೆ ಒಂದು ಟಾಂಗಾ ಕರೀರಿ. ಇವರು ಹೊಂಟಾರ," ಅಂದರು. ರಾಯರ ಮಗಳ ಮದುವೆ ನಮ್ಮ ಕಣ್ಣೆದುರೇ ಹೊಸ್ತಿಲು ದಾಟಿ ಹೋಗುತ್ತಿತ್ತು. ಆಗ ಡಾಕ್ಟರರ ಹೆಂಡತಿ ತಾಟನ್ನು ನೆಲಕ್ಕಿಟ್ಟರು.

"ಅವರನ್ನ ಕಳಸಬ್ಯಾಡ್ರಿ. ಅದನ್ನ ತಿಕ್ಕಿದಾಕಿ ನಾನು."

ಆಮೇಲೆ ಅವರು ನಿಂತಲ್ಲೇ ಎಲ್ಲ ಹೇಳಿದರು. ಗಂಡ ಯುದ್ಧದಿಂದ ಬಂದ ವರ್ಷ, ಖಂಡೇನವಮಿಗೆ ಮನೆಯ ಆಯುಧಗಳನ್ನೆಲ್ಲ ಪೂಜೆಗಿಡುವಾಗ, ಈಳಿಗೆ, ಕೊಡಲಿ, ಗಂಡನ ಕತ್ತರಿ ಚಿಮಟಗಳ ಜೊತೆಗೆ ಈ ಟೊಪ್ಪಿಗೆಯನ್ನೂ ಇಟ್ಟರು. ಇಡುವ ಮೊದಲು ಎಲ್ಲವನ್ನೂ ಹಿತ್ತಾಳೆ ದೀಪ ತಿಕ್ಕುವಂತೆ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿದರು. ಕೈಗೆ ಕೆಂಪು ಬಂತು. ಕುಂಕುಮ ಅಂದುಕೊಂಡು ಇನ್ನಷ್ಟು ತಿಕ್ಕಿದರು. ತೊಳೆದು ನೋಡಿದರೆ ಕ್ರಾಸು ಇಲ್ಲ. ಅಳುಕುತ್ತಲೇ ಅರಿಷಿಣ ಹಚ್ಚಿ ಪೂಜೆ ಮುಗಿಸಿ, ಗಂಡ ಆಸ್ಪತ್ರೆಯಿಂದ ಬರುವುದರೊಳಗೆ ಓಣಿಯಲ್ಲಿ ಗಣಪತಿ ಮಾಡುವವನ ಹತ್ತಿರ ಓಡಿದರು. ಹಬ್ಬದಲ್ಲಿ ಉಳಿದ ಬಣ್ಣ ಅವನ ಬಳಿ ಇತ್ತು. ಅಂದಿನಿಂದ ಪ್ರತಿ ವರ್ಷ ಪೂಜೆಯ ಅರಿಷಿಣ, ಎಣ್ಣೆ ಹತ್ತುವುದು, ಇವರು ಹೆದರಿ ಮೇಲೆ ಮೇಲೆ ತಿಕ್ಕುವುದು, ಅವನು ಅದರ ಮೇಲೆಯೇ ಬರೆಯುವುದು.

ಡಾಕ್ಟರರು ಹೆಂಡತಿಯನ್ನೇ ನೋಡುತ್ತಿದ್ದರು. "ವರ್ಷಾ ವರ್ಷಾ ಹೊಸಾದಾಗಿ ಕಾಣ್ತಿತ್ತು. ನೀ ಚಂದ ಒರಸತಿ ಅಂತ ತಿಳಕೊಂಡಿದ್ದೆ."

"ಒರಸಿದ್ದಕ್ಕs ಇಷ್ಟೆಲ್ಲಾ ಆಗಿದ್ದು," ಅಂದರು ಅವರು.

ಟಾಂಗಾ ಬಂತು. ಹೋಗಿ ಎಂದು ಯಾರೂ ಹೇಳಲಿಲ್ಲ, ಕೂತುಕೊಳ್ಳಿ ಎಂದೂ ಹೇಳಲಿಲ್ಲ. ಹತ್ತಿದೆವು. ಮನೆಗೆ ಬಂದಾಗ ವೈನಿ ಮೆಟ್ಟಿಲ ಮೇಲೆಯೇ ನಿಂತಿದ್ದರು.

"ಉಪ್ಪಿಟ್ಟಿನ ವಾಸನಿ ಭಾಳ ಛೊಲೋ ಇತ್ತು," ಅಂದರು ರಾಯರು.

ವಾಸನೆ ಎಂಬ ಮಾತಿನಲ್ಲೇ ವೈನಿಗೆ ಎಲ್ಲ ತಿಳಿಯಿತು. ಭರಣಿಯ ಹಿಂದಿನಿಂದ ಭೂತಗನ್ನಡಿ ತಂದು ಗಂಡನ ಕೈಯಲ್ಲಿಟ್ಟು, "ಇನ್ನ ಇದನ್ನs ಮದುವಿ ಮಾಡಿಕೊಡ್ರಿ," ಎಂದು ಒಳಗೆ ಹೋದರು. ಮಗಳು ಅಳಲಿಲ್ಲ. ಅಪ್ಪನಿಗೆ ಚಹಾ ಇಡುವಾಗ ಬಶಿಯನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದಳು, ಅಷ್ಟೆ. ರಾಯರು ಉಗ್ರಾಣದಲ್ಲಿ ಪೆಟ್ಟಿಗೆಗಳನ್ನು ಉಗುರು ತಾಗಿಸದೆ ಪಾಸು ಮಾಡಲಾರಂಭಿಸಿದರು. ನನಗೆ ನಿಜವಾದ ಹೆದರಿಕೆಯಾದದ್ದು ಆಗಲೇ.

ಕೆಲವು ವಾರಗಳ ಮೇಲೆ ಒಂದು ಭಾನುವಾರ ಬೆಳಗ್ಗೆ ಡಾಕ್ಟರರು ಒಬ್ಬರೇ ಬಂದರು. ಬಗಲಲ್ಲಿ ಪಂಚೆಯ ಗಂಟು. ಬಿಚ್ಚಿ ಟೊಪ್ಪಿಗೆಯನ್ನು ರಾಯರ ಮುಂದಿಟ್ಟರು.

"ಇದರ ಕೆಳಗ ಮೊದಲಿನದು ಏನರೆ ಉಳದದೇನು, ನೋಡ್ರಿ. ಅದನ್ನ ಬರದಾಂವ ನನ್ನ ಕಂಪೌಂಡರ. ಸೊಲ್ಲಾಪುರದ ಹುಡುಗ. ಟೊಪಗಿ ಬಂತು, ಅವ ಬರಲಿಲ್ಲ."

ರಾಯರು ಕೈ ತೊಳೆದು ಬಂದರು. ಸ್ಪಿರಿಟಿನಲ್ಲಿ ಅದ್ದಿದ ಹತ್ತಿ, ಚಿಕ್ಕ ಚಾಕು. ಒಂದು ಪದರ ಗಣಪತಿಯ ಕೆಂಪು, ಅದರ ಕೆಳಗೆ ಅರಿಷಿಣ, ಅದರ ಕೆಳಗೆ ಮತ್ತೆ ಕೆಂಪು. ಒಂದೊಂದು ಪದರ ಒಂದೊಂದು ಖಂಡೇನವಮಿ. ಅವಸರ ಮಾಡುವ ಕೆಲಸವಲ್ಲ. ಒಂದು ಭಾನುವಾರಕ್ಕೆ ಒಂದೋ ಎರಡೋ ವರ್ಷ ಹಿಂದಕ್ಕೆ ಹೋಗುತ್ತಿದ್ದರು. ಡಾಕ್ಟರರು ಎದುರಿಗೆ ಕೂತು, "ಇದು ಪ್ಲೇಗು ಬಂದ ವರ್ಷ ಇರಬೇಕು," "ಇದು ನಮ್ಮ ಅವ್ವ ಹೋದ ವರ್ಷ," ಅನ್ನುತ್ತಿದ್ದರು. ರಾಯರು, "ಇದು ಬಣ್ಣದವ ನಿಮಗ ಮೋಸ ಮಾಡಿದ ವರ್ಷ, ಭಾಳ ತೆಳು ಹಚ್ಚ್ಯಾನ," ಅನ್ನುತ್ತಿದ್ದರು. ಮೂರನೆಯ ಭಾನುವಾರದಿಂದ ಡಾಕ್ಟರರ ಹೆಂಡತಿಯೂ ಬರತೊಡಗಿದರು. ಅವರು ಟೊಪ್ಪಿಗೆಯ ಕಡೆ ಸುಳಿಯದೆ ನೇರ ಅಡಿಗೆಮನೆಗೆ ಹೋಗುತ್ತಿದ್ದರು. ಗಂಡಸರು ಇಲ್ಲಿ ಹಿಂದಕ್ಕೆ ಹೋಗುತ್ತಿದ್ದಾಗ ಹೆಂಗಸರು ಅಲ್ಲಿ ಮುಂದಕ್ಕೆ ಹೋಗಿ, ಸೀರೆ, ಬಳೆ, ಊಟದ ಪಂಕ್ತಿಯವರೆಗೂ ಮುಟ್ಟಿದ್ದರು. ಆದರೂ ಡಾಕ್ಟರರ ಬಾಯಿಂದ ಹೂಂ ಎಂಬುದು ಬಂದಿರಲಿಲ್ಲ. ಹೆಂಡತಿಯೊಡನೆ ಅವರು ಇನ್ನೂ ನೆಟ್ಟಗೆ ಮಾತಾಡುತ್ತಿರಲಿಲ್ಲ. ಎಲ್ಲವೂ ಕೊನೆಯ ಪದರದ ಕೆಳಗೆ ಏನಿದೆ ಎಂಬುದರ ಮೇಲೆ ನಿಂತಿತ್ತು.

ಅದನ್ನು ತೆಗೆದ ಭಾನುವಾರ ನಾನೂ ಇದ್ದೆ. ಕೊನೆಯ ಕೆಂಪು ಹೋಯಿತು. ಉಳಿದದ್ದು ಕಬ್ಬಿಣಕ್ಕೆ ಅಂಟಿದ ತೆಳುವಾದ ಹಳದಿ. ಎಲ್ಲಕ್ಕೂ ಮೊದಲ ಅರಿಷಿಣ. ರಾಯರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಚಾಕು ಎತ್ತಿದರು. ಕೆಳಗಿಟ್ಟರು.

"ಯಾಕ ನಿಂತ್ರಿ?" ಅಂದರು ಡಾಕ್ಟರರು.

"ಕೆಳಗ ಕೆಂಪು ಇದ್ರ ನನ್ನ ಚಾಕೂಕ ಅದೂ ಹೋಗ್ತದ. ಇಲ್ಲಾ ಅಂದ್ರ ನೀವು ನಿಮ್ಮ ಮನಿಯವರನ್ನ ಮತ್ತ ಮನ್ನಿಸೂದಿಲ್ಲ. ನನ್ನ ಮಗಳು ಆ ಮನಿಗೆ ಹೋಗಾಕಿ. ನಾ ಇನ್ನ ತಿಕ್ಕೂದಿಲ್ಲ."

"ನಿಮಗೇನು ಕಾಣಸ್ತು, ಅದನ್ನರೆ ಹೇಳ್ರಿ."

ರಾಯರು ಒಳಗೆ ತಿರುಗಿ, "ಊಟಕ್ಕ ಹಾಕ್ರಿ," ಎಂದು ಕೂಗಿದರು. ನಂತರ ಡಾಕ್ಟರರಿಗೆ ಹೇಳಿದರು: "ಊಟ ಆದ ಮ್ಯಾಲ ಕೇಳ್ರಿ."

ಡಾಕ್ಟರರು ಅವರನ್ನು ನೋಡಿದರು. ಆ ನಿಯಮ ಅವರಿಗೂ ಈಗ ಗೊತ್ತಿತ್ತು. ಊಟಕ್ಕೆ ಕೂತು, ಹೆಂಡತಿ ಬಡಿಸಲು ಬಂದಾಗ, "ಇನ್ನೊಂದು ಹೋಳಗಿ ಹಾಕು," ಅಂದರು. ಅಷ್ಟು ದಿನಗಳ ಮೇಲೆ ಅವರು ಆಡಿದ ನೇರ ಮಾತು ಅದು. ಊಟವಾಯಿತು. ಅವರು ಏನೂ ಕೇಳಲಿಲ್ಲ. ಮದುವೆ ಮಾರ್ಗಶಿರದಲ್ಲಿ ಆಯಿತು.

ರಾಯರಿಗೆ ಆ ದಿನ ಏನು ಕಂಡಿತು ಎಂದು ನಾನು ಒಮ್ಮೆ ಕೇಳಿದ್ದೇನೆ. ನಿನ್ನ ಊಟ ಆಯಿತೇ ಎಂದು ಮರುಪ್ರಶ್ನೆ ಹಾಕಿದರು.

ಮುಂದಿನ ಖಂಡೇನವಮಿಗೆ ಬೀಗರು ನಮ್ಮನ್ನು ಕರೆದಿದ್ದರು. ಈಳಿಗೆ, ಕೊಡಲಿ, ಕತ್ತರಿಗಳ ಸಾಲಿನಲ್ಲಿ ಟೊಪ್ಪಿಗೆಯೂ ಇತ್ತು. ಬಿಳಿ ವೃತ್ತದ ನಡುವೆ ಬರಿಯ ಹಳದಿ. ಯಾರೂ ಅದನ್ನು ತಿಕ್ಕಿರಲಿಲ್ಲ. ರಾಯರ ಮಗಳು ಎಲ್ಲಕ್ಕೂ ಅರಿಷಿಣ ಕುಂಕುಮ ಹಚ್ಚುತ್ತ ಬಂದಳು. ಟೊಪ್ಪಿಗೆಯ ಮುಂದೆ ಬಂದಾಗ ಅತ್ತೆಯ ಮುಖ ನೋಡಿದಳು. ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ, ಬೆರಳಿನಿಂದ ಒಂದು ಗೆರೆ ಅಡ್ಡ, ಒಂದು ಗೆರೆ ಉದ್ದ ಎಳೆದಳು. ಗೆರೆ ಸೊಟ್ಟಗೆ ಬಂತು.

ರಾಯರ ಕೈ ತಾನಾಗಿ ಎಡ ಜೇಬಿಗೆ ಹೋಯಿತು. ವೈನಿ ನೋಡಿದರು, ನಾನೂ ನೋಡಿದೆ. ಆ ಕೈ ಬರಿದಾಗಿಯೇ ಹೊರಗೆ ಬಂತು.

"ಹೆಂಗದ ಬೀಗರ?" ಅಂದರು ಡಾಕ್ಟರರು.

"ಹಸಿ ಅದ," ಅಂದರು ರಾಯರು. "ಯಾರೂ ಮುಟ್ಟಬ್ಯಾಡ್ರಿ."